ಆಮೆ ಹಿಡಿದವನು ನಮ್ಮ ಹುಡುಗ, ಕೊಂಡವನು ಬ್ಯಾಂಕಾಕಿನಲ್ಲಿ: ಕಾನೂನು ಅಲ್ಲಿಯವರೆಗೆ ಹೋಗುತ್ತಾ?

ಪ್ರಶ್ನೆ: ಮೇಡಂ, ನಾನು ಕೋಲಾರ ಜಿಲ್ಲೆಯ ಗಡಿ ಹಳ್ಳಿಯೊಂದರಲ್ಲಿ ಮೇಷ್ಟ್ರು. ನಮ್ಮ ಅಕ್ಕನ ಮಗನಿಗೆ 20 ವರ್ಷ. ಡಿಗ್ರಿ ಅರ್ಧಕ್ಕೇ ಬಿಟ್ಟು ಊರಲ್ಲೇ ಇದ್ದಾನೆ. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ಓಡಾಡುವ ನಕ್ಷತ್ರ ಆಮೆಗಳನ್ನು ಹಿಡಿದು, ಗಡಿ ಆಚೆಯಿಂದ ಬೈಕಿನಲ್ಲಿ ಬರುವ ಒಬ್ಬನಿಗೆ ಕೊಡುತ್ತಿದ್ದನಂತೆ. ಒಂದಕ್ಕೆ ನೂರೋ ನೂರೈವತ್ತೋ ಸಿಗುತ್ತಿತ್ತು. ನಿನ್ನೆ ನಮ್ಮ ಕೊಟ್ಟಿಗೆಯಲ್ಲಿ ಟೊಮೆಟೊ ಕ್ರೇಟಿನೊಳಗೆ ಐದು ಮರಿ ಸಿಕ್ಕ ಮೇಲೆ ನನಗೆ ವಿಷಯ ಗೊತ್ತಾಯಿತು. ಬೈಕಿನವನು ಇವನನ್ನು ಒಂದು ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿದ್ದಾನೆ. ಅಲ್ಲಿ ಪ್ಲಸ್ 66ರಿಂದ ಶುರುವಾಗುವ ನಂಬರಿನಿಂದ ವಿಡಿಯೊ ಬಂದಿದೆ, ಇಷ್ಟು ಸೈಜಿನದೇ ಬೇಕು ಅಂತ. ಅದು ಥಾಯ್ಲೆಂಡಿನ ನಂಬರ್ ಅಂತ ತಿಳಿಯಿತು. ನಾನು ಹೋಗಿ ಹೇಳಿದರೆ ಹುಡುಗ ಜೈಲಿಗೆ ಹೋಗುತ್ತಾನೆ, ಬ್ಯಾಂಕಾಕಿನವನು ಆರಾಮಾಗಿರುತ್ತಾನೆ ಅಲ್ವಾ? ಇಂಟರ್‌ಪೋಲ್ ಅಂತೆಲ್ಲ ಕೇಳುತ್ತೇವೆ, ಅವರು ನಿಜವಾಗಿ ಹಿಡಿಯುತ್ತಾರಾ? ಸುಮ್ನೆ ರಾತ್ರಿ ಐದನ್ನೂ ಕೆರೆಗೆ ಬಿಟ್ಟು ಬಂದರೆ ಆಗಲ್ವಾ? ಮನೆಯವರು ಒಂದನ್ನು ಇಟ್ಟುಕೊಂಡರೆ ಒಳ್ಳೆಯದಾಗುತ್ತೆ ಅಂತಿದ್ದಾರೆ.

ಉತ್ತರ: ಮೇಷ್ಟ್ರೇ, ಮೊದಲು ಕ್ರೇಟಿನ ವಿಷಯ. ಅದಕ್ಕೆ ಜಾಸ್ತಿ ಸಮಯವಿಲ್ಲ.

ದಯವಿಟ್ಟು ಕೆರೆಗೆ ಬಿಡಬೇಡಿ. ನಕ್ಷತ್ರ ಆಮೆ ನೆಲದ ಮೇಲೆ ಬದುಕುವ ಆಮೆ. ನೀರಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ಪಾಪ ಕಳೆಯಲಿ ಅಂತ ಬಾವಿಗೆ, ಕಲ್ಯಾಣಿಗೆ ಬಿಟ್ಟು ಕೊಂದವರನ್ನು ನೋಡಿದ್ದೇನೆ. ಹೊಲದ ಬದುವಿಗೆ ಬಿಡುವುದೂ ಈಗ ಸರಿಯಲ್ಲ. ಬೇರೆ ಬೇರೆ ಕಡೆಯಿಂದ ತಂದು ಒಂದೇ ಕಡೆ ತುಂಬಿಟ್ಟ ಆಮೆಗಳಲ್ಲಿ ಉಸಿರಾಟದ ಸೋಂಕು ಬೇಗ ಹರಡುತ್ತದೆ. ಪರೀಕ್ಷೆ ಮಾಡಿಸದೆ ಬಿಟ್ಟರೆ ಅಲ್ಲಿರುವ ಆಮೆಗಳಿಗೂ ಅಂಟಬಹುದು. ಅದಕ್ಕಿಂತ ಹೆಚ್ಚಾಗಿ, ಆ ಐದು ಮರಿ ಈಗ ಸಾಕ್ಷಿ. ಅವನ್ನು ಕಾಣದಂತೆ ಮಾಡಿದರೆ ಹುಡುಗನ ತಪ್ಪಿನ ಜೊತೆಗೆ ಸಾಕ್ಷಿ ನಾಶವೂ ಸೇರುತ್ತದೆ, ಅದರಲ್ಲಿ ನಿಮ್ಮ ಹೆಸರೂ ಬರುತ್ತದೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 39ನೇ ಕಲಂ ಪ್ರಕಾರ ಹೀಗೆ ಹಿಡಿದ ಪ್ರಾಣಿ ಸರ್ಕಾರದ ಸ್ವತ್ತು. ಅದು ಯಾರ ಕೈಗೆ ಬಂದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರವಿರುವ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಹಿಡಿದವರು ನೀವಲ್ಲ, ಆದರೆ ಕೊಟ್ಟಿಗೆ ನಿಮ್ಮದು. 'ನಮ್ಮ ಹೊಲಕ್ಕೇ ಬಂದಿತ್ತು, ಎತ್ತಿಕೊಂಡೆವು' ಅನ್ನುವ ಮಾತು ನಡೆಯಲ್ಲ. ಪ್ರಾಣಿ ಯಾರ ಬಳಿ ಸಿಗುತ್ತದೋ, ಕಾನೂನು ಮೀರಿ ಇಟ್ಟುಕೊಂಡಿಲ್ಲ ಅಂತ ತೋರಿಸುವ ಹೊಣೆ ಅವರ ಮೇಲೇ ಬೀಳುತ್ತದೆ. ಒಂದನ್ನು ಇಟ್ಟುಕೊಂಡರೆ ಒಳ್ಳೆಯದಾಗುತ್ತೆ ಅನ್ನೋದಕ್ಕೂ ಇದೇ ಉತ್ತರ. ಇವತ್ತಿನ ಕಾನೂನಿನಲ್ಲಿ ನಕ್ಷತ್ರ ಆಮೆ ಒಂದನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಪ್ರಾಣಿ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ. ದಂಡ ಕಟ್ಟಿ ರಾಜಿ ಮಾಡಿಕೊಳ್ಳುವ ದಾರಿಯೂ ಇಲ್ಲ.

ಹೆದರಿಸುವುದಕ್ಕೆ ಹೇಳುತ್ತಿಲ್ಲ. ಈ 7 ವರ್ಷ ಅನ್ನುವ ಸಂಖ್ಯೆ ನಿಮ್ಮ ಎರಡನೇ ಪ್ರಶ್ನೆಗೂ ಬೇಕು. ಬ್ಯಾಂಕಾಕಿನವನ ತನಕ ಹೋಗುವ ದಾರಿ ಅಲ್ಲಿಂದಲೇ ತೆರೆಯುತ್ತದೆ.

ಇಂಟರ್‌ಪೋಲ್ ಬಗ್ಗೆ ಸಿನಿಮಾದಲ್ಲಿ ತೋರಿಸುವುದನ್ನು ಮರೆತುಬಿಡಿ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಅದರ ಕಚೇರಿ ಇದೆ, 196 ದೇಶಗಳು ಸದಸ್ಯರು. ಅದರ ಅಧಿಕಾರಿ ಬಂದು ಯಾರ ಕೈಗೂ ಕೋಳ ಹಾಕುವುದಿಲ್ಲ. ಒಂದು ದೇಶದ ಪೊಲೀಸರ ಮಾಹಿತಿಯನ್ನು ಇನ್ನೊಂದು ದೇಶದ ಪೊಲೀಸರಿಗೆ ಮುಟ್ಟಿಸುವುದು ಅದರ ಕೆಲಸ. ನಮ್ಮಲ್ಲಿ ಅದರ ಕೊಂಡಿ ಸಿಬಿಐ. ರೆಡ್ ನೋಟಿಸ್ ಅನ್ನೋದೂ ವಾರಂಟ್ ಅಲ್ಲ. 'ಈ ವ್ಯಕ್ತಿ ನಿಮ್ಮಲ್ಲಿದ್ದರೆ ಪತ್ತೆ ಮಾಡಿ, ನಮಗೆ ಒಪ್ಪಿಸಿ ಅಂತ ಕೇಳುವ ತನಕ ಹಿಡಿದಿಡಿ' ಅನ್ನುವ ಕೋರಿಕೆ. ಅದಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ಆಯಾ ದೇಶದ ಕಾನೂನು ಹೇಳುತ್ತದೆ.

ಹಾಗಂತ ಕೆಲಸಕ್ಕೆ ಬಾರದ್ದು ಅಂದುಕೊಳ್ಳಬೇಡಿ. ಇಂಟರ್‌ಪೋಲ್ ಮತ್ತು ವಿಶ್ವ ಕಸ್ಟಮ್ಸ್ ಸಂಸ್ಥೆ ಸೇರಿ 2017ರಿಂದ 'ಆಪರೇಷನ್ ಥಂಡರ್' ನಡೆಸುತ್ತಿವೆ. 2024ರ ನವೆಂಬರ್–ಡಿಸೆಂಬರಿನಲ್ಲಿ 138 ದೇಶ, ಪ್ರದೇಶಗಳಲ್ಲಿ ಒಟ್ಟಿಗೆ ತಪಾಸಣೆ ನಡೆದು ಸುಮಾರು 20,000 ಜೀವಂತ ಪ್ರಾಣಿಗಳು ಸಿಕ್ಕವು, 365 ಜನರ ಬಂಧನವಾಯಿತು. ಅದರಲ್ಲಿ ನನಗೆ ಮುಖ್ಯ ಅನಿಸಿದ್ದು ಬೇರೆ. ಪ್ರಾಣಿಗಳನ್ನು ಪುನರ್ವಸತಿ ಕೇಂದ್ರಕ್ಕೆ ಕಳಿಸುವ ಮೊದಲು ಸಾಧ್ಯವಿದ್ದ ಕಡೆ ಡಿಎನ್‌ಎ ಮಾದರಿ ತೆಗೆದಿಟ್ಟುಕೊಂಡರು. ಪ್ರಾಣಿ ಯಾವ ಕಡೆಯದು, ಎಲ್ಲಿಂದ ಹೊರಟಿತು ಅಂತ ನಾಳೆ ಕೋರ್ಟಿನಲ್ಲಿ ತೋರಿಸಬೇಕಲ್ಲ, ಅದಕ್ಕೆ. ಬಂಧನದ ಸಂಖ್ಯೆ ಪತ್ರಿಕೆಗೆ ಸುದ್ದಿ. ಕೇಸು ನಿಲ್ಲುವುದು ಆ ಮಾದರಿಯಿಂದ.

ಈಗ ಬೇರಿಗೆ ಬರೋಣ. ಬ್ಯಾಂಕಾಕಿನವನು ಇಷ್ಟು ವರ್ಷ ಆರಾಮಾಗಿದ್ದದ್ದು ಯಾಕೆ?

ಕಾಡುಪ್ರಾಣಿಗಳ ವ್ಯಾಪಾರಕ್ಕೆ ಸೈಟಿಸ್ ಅಂತ ಒಂದು ಅಂತಾರಾಷ್ಟ್ರೀಯ ಒಪ್ಪಂದವಿದೆ. 1973ರಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂತು, ಭಾರತ 1976ರಲ್ಲಿ ಸೇರಿತು. ಅದರ ಮೊದಲ ಪಟ್ಟಿಯಲ್ಲಿರುವ ಪ್ರಾಣಿಯನ್ನು ಕಾಡಿನಿಂದ ಹಿಡಿದು ದೇಶದಿಂದ ದೇಶಕ್ಕೆ ಮಾರುವ ಹಾಗಿಲ್ಲ. ಎರಡನೇ ಪಟ್ಟಿಯಲ್ಲಿದ್ದರೆ ಪರ್ಮಿಟ್ ಮೇಲೆ ವ್ಯಾಪಾರ ಮಾಡಬಹುದು. ನಕ್ಷತ್ರ ಆಮೆ 2019ರವರೆಗೂ ಎರಡನೇ ಪಟ್ಟಿಯಲ್ಲೇ ಇತ್ತು. ಭಾರತದಿಂದ ಮಾರಾಟಕ್ಕೆ ಒಂದನ್ನೂ ಕಳಿಸುವ ಹಾಗಿರಲಿಲ್ಲ. ಆದರೂ ಹೊರಗಿನ ಅಂಗಡಿಯವನು 'ಇದು ಫಾರಂನಲ್ಲಿ ಹುಟ್ಟಿದ ಮರಿ' ಅಂತ ಒಂದು ಕಾಗದ ತೋರಿಸಿದರೆ ಅಲ್ಲಿನ ಅಧಿಕಾರಿಗೆ ಸುಳ್ಳು ಅಂತ ಸಾಬೀತು ಮಾಡುವುದು ಕಷ್ಟವಿತ್ತು. 2019ರ ಆಗಸ್ಟಿನಲ್ಲಿ ಜಿನೀವಾದಲ್ಲಿ ನಡೆದ ಸಭೆಯಲ್ಲಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶ ಮುಂತಾದ ದೇಶಗಳು ಕೇಳಿದ್ದರಿಂದ ಅದು ಮೊದಲ ಪಟ್ಟಿಗೆ ಹೋಯಿತು.

ಸೈಟಿಸ್ ತಾನಾಗಿ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಪ್ರತಿ ದೇಶವೂ ತನ್ನ ಕಾನೂನಿನಲ್ಲಿ ಅದನ್ನು ಬರೆದುಕೊಳ್ಳಬೇಕು. ಥಾಯ್ಲೆಂಡಿನ ಹಳೆಯ ವನ್ಯಜೀವಿ ಕಾನೂನು ಮುಖ್ಯವಾಗಿ ಅವರ ನೆಲದ ಪ್ರಾಣಿಗಳನ್ನು ಕಾಯುತ್ತಿತ್ತು. ನಮ್ಮ ಆಮೆ ವಿಮಾನ ನಿಲ್ದಾಣ ದಾಟಿ ಒಳಗೆ ಹೋದ ಮೇಲೆ ಅಲ್ಲಿ ಮಾರುವವನನ್ನು ಹಿಡಿಯಲು ಬಿಗಿಯಾದ ಕಲಂ ಇರಲಿಲ್ಲ. ಬ್ಯಾಂಕಾಕಿನ ಚಾತುಚಕ್ ಸಂತೆಯಲ್ಲಿ ಅವನ್ನು ರಾಜಾರೋಷವಾಗಿ ಮಾರುತ್ತಿದ್ದದ್ದು ಅದಕ್ಕೇ. 2019ರಲ್ಲಿ ಅವರು ಹೊಸ ಕಾನೂನು ತಂದು ಹೊರದೇಶದ ಸೈಟಿಸ್ ಪ್ರಾಣಿಗಳನ್ನೂ ಅದರೊಳಗೆ ತಂದರು.

ಅವರನ್ನು ಬೈಯುವ ಮೊದಲು ನಮ್ಮದನ್ನೂ ನೋಡಬೇಕು. ನಮ್ಮಲ್ಲೂ ಇದೇ ತೂತು ಇತ್ತು. ಅಲ್ಲಿಂದ ಇಲ್ಲಿಗೆ ಬರುವ ಇಗುವಾನ, ಹೆಬ್ಬಾವುಗಳನ್ನು ನಿಲ್ದಾಣದಲ್ಲಿ ಕಸ್ಟಮ್ಸ್ ಹಿಡಿದರೆ ಹಿಡಿದ ಹಾಗೆ. ಮನೆ ಸೇರಿದರೆ ವನ್ಯಜೀವಿ ಕಾಯ್ದೆ ಮುಟ್ಟುತ್ತಿರಲಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಅದೂ ಬದಲಾಯಿತು. ಬೆಂಗಳೂರು ಏರ್‌ಪೋರ್ಟ್ ಈ ವ್ಯಾಪಾರದ ಎರಡೂ ಕಡೆಯ ಬಾಗಿಲು ಅನ್ನುವುದು ನಮ್ಮ ರಾಜ್ಯದವರಿಗೆ ಇನ್ನೂ ಸರಿಯಾಗಿ ಅರ್ಥವಾಗಿಲ್ಲ ಅಂತ ನನಗನಿಸುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬಂದು ಯಾರೂ ತೆಗೆದುಕೊಳ್ಳದೆ ಬಿಟ್ಟ ಬ್ಯಾಗುಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಜೊತೆಗೆ ಸತ್ತುಹೋಗಿದ್ದ 6 ಕಪುಚಿನ್ ಕೋತಿ ಇದ್ದವು. 2024ರ ಏಪ್ರಿಲಿನಲ್ಲಿ ಒಬ್ಬ ಪ್ರಯಾಣಿಕನ ಬಳಿ 10 ಹಳದಿ ಅನಕೊಂಡ ಸಿಕ್ಕವು. ಹೋಗುವ ಸೂಟ್‌ಕೇಸಿನಲ್ಲಿ ಕಾಲು ಅಲ್ಲಾಡದಂತೆ ಟೇಪ್ ಸುತ್ತಿದ ನಕ್ಷತ್ರ ಆಮೆ, ಬರುವ ಸೂಟ್‌ಕೇಸಿನಲ್ಲಿ ಹಾವು.

ಶಿಕ್ಷೆಯ ಪ್ರಮಾಣವೂ ಇನ್ನೊಂದು ಕಾರಣ. ಸಂಘಟಿತ ಅಪರಾಧದ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದವೊಂದಿದೆ. ಅದರಲ್ಲಿ ಗರಿಷ್ಠ ಶಿಕ್ಷೆ ಕನಿಷ್ಠ 4 ವರ್ಷವಾದರೂ ಇರುವ ಅಪರಾಧವನ್ನೇ 'ಗಂಭೀರ' ಅಂತ ಎಣಿಸುತ್ತಾರೆ. ಹಾಗೆ ಎಣಿಸಿದರೆ ಮಾತ್ರ ಇನ್ನೊಂದು ದೇಶದಿಂದ ಸಾಕ್ಷಿ ಕೇಳುವುದು, ಆರೋಪಿಯನ್ನು ಒಪ್ಪಿಸಿ ಅಂತ ಕೇಳುವುದು, ಹಣದ ಜಾಡು ಹಿಡಿಯುವುದು ಆ ಒಪ್ಪಂದದ ಅಡಿ ನಡೆಯುತ್ತದೆ. 2023ಕ್ಕೆ ಮೊದಲು ನಮ್ಮ ಕಾನೂನಿನಲ್ಲಿ ನಕ್ಷತ್ರ ಆಮೆ ನಾಲ್ಕನೇ ಅನುಸೂಚಿಯಲ್ಲಿತ್ತು, ಗರಿಷ್ಠ ಶಿಕ್ಷೆ 3 ವರ್ಷ. ಅಂದರೆ ಸಾವಿರಾರು ಆಮೆ ಸಾಗಿಸಿದರೂ ಅದು ಆ ಒಪ್ಪಂದದ ಲೆಕ್ಕಕ್ಕೆ ಬರುವ ಅಪರಾಧ ಆಗುತ್ತಿರಲಿಲ್ಲ. ಆಂಧ್ರದ ಒಂದೇ ಒಂದು ವ್ಯಾಪಾರ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ಆಮೆಗಳು ಹೋಗುತ್ತಿವೆ ಅಂತ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತ್ತು. ಅಷ್ಟು ದೊಡ್ಡ ದಂಧೆಗೆ ಅಷ್ಟು ಚಿಕ್ಕ ಕಲಂ. ಈಗ ಗರಿಷ್ಠ 7 ವರ್ಷ. ನಿಮ್ಮ ಹುಡುಗನಿಗೆ ಭಯ ತರುವ ಅದೇ ಸಂಖ್ಯೆ ಅವನ ಮೇಲಿನವರ ಹತ್ತಿರಕ್ಕೆ ನಮ್ಮನ್ನು ಒಯ್ಯಬಲ್ಲದು.

'ಮೇಲಿನವರು ಯಾರೂ ಸಿಗಲ್ಲ' ಅನ್ನೋದು ಪೂರ್ತಿ ನಿಜವಲ್ಲ. ಸಿಕ್ಕಮೇಲೆ ಕಥೆ ಮುಗಿಯಿತು ಅನ್ನೋದೂ ನಿಜವಲ್ಲ. ಮಲೇಷಿಯಾದ ಪೆನಾಂಗಿನ ಆ್ಯನ್ಸನ್ ವಾಂಗ್ ಕಥೆ ನೋಡಿ. ಅಪರೂಪದ ಸರೀಸೃಪಗಳ ಕಳ್ಳಸಾಗಣೆಯಲ್ಲಿ ಜಗತ್ತಿಗೇ ಹೆಸರಾದ ವ್ಯಾಪಾರಿ. ಅಮೆರಿಕದ ವನ್ಯಜೀವಿ ಇಲಾಖೆಯವರು ಗಿರಾಕಿಗಳ ವೇಷದಲ್ಲಿ ಅವನ ಜೊತೆ ವರ್ಷಗಟ್ಟಲೆ ವ್ಯವಹಾರ ನಡೆಸಿದರು. ಅವನು ತನ್ನ ದೇಶ ಬಿಟ್ಟು ಹೊರಗೆ ಬರುವ ತನಕ ಕಾದರು. 1998ರಲ್ಲಿ ಮೆಕ್ಸಿಕೊದಲ್ಲಿ ಹಿಡಿಸಿ, ಅಮೆರಿಕಕ್ಕೆ ತರಿಸಿಕೊಂಡರು. 2001ರಲ್ಲಿ 71 ತಿಂಗಳ ಶಿಕ್ಷೆಯಾಯಿತು. ಬಿಡುಗಡೆಯಾದವನು ಮತ್ತೆ ಅದೇ ದಂಧೆಗೆ ಇಳಿದ. 2010ರಲ್ಲಿ ಕೌಲಾಲಂಪುರ ನಿಲ್ದಾಣದಲ್ಲಿ ಅವನ ಸೂಟ್‌ಕೇಸ್ ಒಡೆದು ಬಾಯಿಬಿಟ್ಟಿತು. ಒಳಗೆ 95 ಬೋವಾ ಹಾವುಗಳಿದ್ದವು. ಮೊದಲು 6 ತಿಂಗಳ ಶಿಕ್ಷೆ. ಜನ ಸಿಟ್ಟಾದರು, ಹೈಕೋರ್ಟ್ 5 ವರ್ಷಕ್ಕೆ ಏರಿಸಿತು. 2012ರಲ್ಲಿ ಮೇಲಿನ ಕೋರ್ಟ್ ಇಳಿಸಿ ಅವನನ್ನು ಬಿಟ್ಟಿತು.

ಆ ಎರಡು ಬಂಧನಗಳಿಗೆ ಎಷ್ಟು ವ್ಯತ್ಯಾಸ ನೋಡಿ. ಎರಡನೆಯದರಲ್ಲಿ ಇದ್ದದ್ದು ಒಡೆದ ಸೂಟ್‌ಕೇಸ್. ಮೊದಲನೆಯದರಲ್ಲಿ ಪತ್ರ, ಬಿಲ್ಲು, ಹಣದ ವರ್ಗಾವಣೆ ಎಲ್ಲ ಜೋಡಿಸಿಟ್ಟ ಕೇಸು ಇತ್ತು. ಅಂಥ ಕೇಸು ಇದ್ದದ್ದರಿಂದಲೇ ಮೂರನೇ ದೇಶವೊಂದು ಅವನನ್ನು ಹಿಡಿದುಕೊಟ್ಟಿತು.

ನಮ್ಮ ಕಡೆ ಆ ಜೋಡಣೆ ಎಲ್ಲಿ ಹರಿಯುತ್ತದೆ ಅಂತ ಹೇಳುತ್ತೇನೆ. ಹರಿಯುವುದು ದೆಹಲಿಯಲ್ಲೋ ಲಿಯೋನಿನಲ್ಲೋ ಅಲ್ಲ, ಹಳ್ಳಿಯ ಮಹಜರಿನಲ್ಲಿ. 'ಸದರಿ ಸ್ಥಳದಲ್ಲಿ ಜೀವಂತ ಆಮೆ 5, ಮೊಬೈಲ್ 1 ಅಮಾನತು ಪಡಿಸಲಾಯಿತು' ಅಂತ ಒಂದು ಸಾಲು ಬರೆದಿರುತ್ತಾರೆ. ಯಾವ ಆಮೆ? ಅಳತೆ ಎಷ್ಟು? ಫೋಟೊ ಎಲ್ಲಿ? ಈ ಕಾಗದ ಇಟ್ಟುಕೊಂಡು ಬ್ಯಾಂಕಾಕಿನ ನಂಬರಿನ ಮಾಲೀಕ ಯಾರು ಅಂತ ಕೇಳಬೇಕಾದರೆ ನಮ್ಮ ಕೋರ್ಟು ಕೋರಿಕೆ ಪತ್ರ ಬರೆದು, ಕೇಂದ್ರ ಗೃಹ ಸಚಿವಾಲಯದ ಮೂಲಕ ಕಳಿಸಬೇಕು. ಅಲ್ಲಿನವರು ಮೊದಲು ಕೇಳುವುದು, ಇದು ನಮ್ಮ ಕಾನೂನಿನಲ್ಲೂ ಅಪರಾಧವಾ ಅಂತ. ಅದಕ್ಕೆ ಪ್ರಾಣಿಯ ವೈಜ್ಞಾನಿಕ ಹೆಸರು ಬೇಕು, ಜಿಯೋಕೆಲೋನ್ ಎಲಿಗನ್ಸ್ ಅಂತ. ಬರಿ 'ಆಮೆ' ಅಂದರೆ ಪತ್ರ ಅಲ್ಲೇ ನಿಲ್ಲುತ್ತದೆ, ಇಲ್ಲವೇ ತಿಂಗಳುಗಟ್ಟಲೆ ಅಲೆದು ವಾಪಸು ಬರುತ್ತದೆ. ಅಷ್ಟು ಹೊತ್ತಿಗೆ ಇಲ್ಲಿ ಚಾರ್ಜ್‌ಶೀಟ್ ಹಿಡಿದವನ ಒಬ್ಬನ ಮೇಲೇ ಸಲ್ಲಿಕೆಯಾಗಿರುತ್ತದೆ.

ಸರಿಯಾಗಿ ಮಾಡಿದರೆ ಹೇಗಿರುತ್ತದೆ? ಒಂದೊಂದು ಮರಿಯನ್ನೂ ಬಿಳಿ ಹಾಳೆಯ ಮೇಲೆ ಇಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಬೆನ್ನಿನ ಚಿಪ್ಪಿಗೊಂದು ಹೊಟ್ಟೆಯ ಚಿಪ್ಪಿಗೊಂದು ಫೋಟೊ. ನಕ್ಷತ್ರ ಆಮೆಯ ಚಿಪ್ಪಿನ ಹಳದಿ ಗೆರೆಗಳ ಜೋಡಣೆ ಒಂದೊಂದರದ್ದು ಒಂದೊಂದು ಥರ. ಹುಡುಗನ ಫೋನಿನಲ್ಲಿರುವ ವಿಡಿಯೊದ ಆಮೆಗೂ ಮುಂದೆ ಎಲ್ಲಾದರೂ ಸಿಗುವ ಆಮೆಗೂ ತಾಳೆ ನೋಡಲು ಇದೇ ಆಧಾರ. ಡಿಎನ್‌ಎ ಮಾದರಿ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಸಿಸಿಎಂಬಿಗೋ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಗೋ ಹೋಗಬೇಕು. ಫೋನಿನಲ್ಲಿರುವುದನ್ನು ತೆಗೆಯುವಾಗ ಹೊಸ ಸಾಕ್ಷ್ಯ ಕಾನೂನಿನ 63ನೇ ಕಲಮಿನ ಪ್ರಮಾಣಪತ್ರ ಬೇಕು, ಫೈಲು ಬದಲಾಗಿಲ್ಲ ಅಂತ ತೋರಿಸುವ ಹ್ಯಾಶ್ ಸಂಖ್ಯೆ ಸಮೇತ. ಬೈಕಿನವನು ಫೋನ್‌ಪೇ, ಗೂಗಲ್‌ಪೇಯಲ್ಲಿ ಹಣ ಹಾಕಿದ್ದರೆ ಅದು ಚಿನ್ನ. ವನ್ಯಜೀವಿ ಅಪರಾಧ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಪಟ್ಟಿಯಲ್ಲೂ ಇದೆ. ನೂರೈವತ್ತು ರೂಪಾಯಿಯ ಜಾಡು ಹಿಡಿದು ಹೋದರೆ ದೊಡ್ಡ ಖಾತೆಗಳು ಸಿಗುತ್ತವೆ.

ಈಗ ನಿಮ್ಮ ಮುಂದಿರುವ ದಾರಿಗಳು. ಸುಮ್ಮನಿರುವುದು ಒಂದು. ಇವತ್ತು ಸುಲಭ. ಆದರೆ ಬೈಕಿನವನು ಎಲ್ಲಾದರೂ ಸಿಕ್ಕರೆ ಅವನ ಫೋನಿನಿಂದ ಮೊದಲು ಹೊರಬೀಳುವ ಹೆಸರು ಹುಡುಗನದೇ. ಆಗ ಅವನು ತಾನಾಗಿ ಬಂದವನಲ್ಲ, ಸಿಕ್ಕಿಬಿದ್ದವನು.

ಹೆಸರು ಹೇಳದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಆಮೆಗಳನ್ನು ಕೊಟ್ಟುಬಿಡುವುದು ಇನ್ನೊಂದು. ಮರಿಗಳು ಉಳಿಯುತ್ತವೆ. ಗುಂಪಿನ ವಿಡಿಯೊ, ನಂಬರು, ಹಣದ ಲೆಕ್ಕ ಮಾತ್ರ ಹುಡುಗನ ಜೇಬಿನಲ್ಲೇ ಉಳಿಯುತ್ತದೆ. ಬ್ಯಾಂಕಾಕಿನವನು ಸಿಗಬೇಕು ಅನ್ನುವ ನಿಮ್ಮ ಆಸೆಗೆ ಇದರಿಂದ ಏನೂ ಆಗುವುದಿಲ್ಲ.

ನಾನು ಹೇಳುವುದು ಮೂರನೆಯದು, ಇದರಲ್ಲಿ ಅಪಾಯವೂ ಇದೆ. ಮೊದಲು ಕ್ರಿಮಿನಲ್ ಕೇಸು ನೋಡುವ ವಕೀಲರೊಬ್ಬರನ್ನು ಇವತ್ತೇ ಕಾಣಿ. ಅವರ ಜೊತೆ ಹುಡುಗನನ್ನು ಕರೆದುಕೊಂಡು ಡಿಎಫ್‌ಒ, ಅಂದರೆ ವಿಭಾಗೀಯ ಅರಣ್ಯ ಅಧಿಕಾರಿಯ ಕಚೇರಿಗೆ ಹೋಗಿ. ಅಲ್ಲಿ ಎಲ್ಲವನ್ನೂ ಹೇಳಲಿ. ವಕೀಲರು ಮೊದಲೇ ಯಾಕೆ ಬೇಕು ಅಂದರೆ, ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಆದರೆ ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ) ಅಥವಾ ಅವರಿಗಿಂತ ಮೇಲಿನ ಅರಣ್ಯ ಅಧಿಕಾರಿ ದಾಖಲಿಸಿದ ಹೇಳಿಕೆ ನಿಲ್ಲಬಹುದು. ಅಂದರೆ ಅದನ್ನು ಇವನ ಮೇಲೇ ಬಳಸಬಹುದು.

ಇಲಾಖೆ ಅವನನ್ನು ಬರೀ ಸಾಕ್ಷಿ ಮಾಡಿಕೊಳ್ಳಬಹುದು. ಅದು ಅವರ ವಿವೇಚನೆ, ಕೇಳಿದ ತಕ್ಷಣ ಸಿಗುವಂಥದ್ದಲ್ಲ. ಆರೋಪಿ ಮಾಡಿದರೆ, 7 ವರ್ಷದ ತನಕ ಶಿಕ್ಷೆಯಿರುವ ಅಪರಾಧವಾದ್ದರಿಂದ ಮ್ಯಾಜಿಸ್ಟ್ರೇಟರ ಮುಂದೆ ಮಾಫಿ ಸಾಕ್ಷಿಯಾಗುವ, ಅಂದರೆ ಕ್ಷಮೆ ಪಡೆದು ಉಳಿದವರ ವಿರುದ್ಧ ಸಾಕ್ಷಿ ಹೇಳುವ ಅವಕಾಶ ಕೇಳಬಹುದು. ಆಗ ಗೊತ್ತಿರುವುದನ್ನೆಲ್ಲ ಹೇಳಬೇಕು. ಅರ್ಧ ಮುಚ್ಚಿಟ್ಟರೆ ಮಾಫಿ ಹೋಗುತ್ತದೆ, ಕೇಸು ವಾಪಸು ಬರುತ್ತದೆ. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಮಾತು: ಅಷ್ಟು ಹೊತ್ತಿಗೆ ಜಾಮೀನು ಸಿಕ್ಕಿರದಿದ್ದರೆ, ಮಾಫಿ ಸಾಕ್ಷಿಯಾದವನನ್ನು ವಿಚಾರಣೆ ಮುಗಿಯುವ ತನಕ ಒಳಗೇ ಇಡಬೇಕು ಅನ್ನುತ್ತದೆ ಕಾನೂನು. ಆದ್ದರಿಂದ ಜಾಮೀನು ಮೊದಲು, ಮಾಫಿ ಅರ್ಜಿ ಆಮೇಲೆ. ಹಿಂದೆ ಈ ಕಾಯ್ದೆಯಡಿ ಶಿಕ್ಷೆಯಾದವರಿಗೆ ಜಾಮೀನು ಬಹಳ ಬಿಗಿ. ಮೊದಲ ಸಲ ಸಿಕ್ಕವನಿಗೆ ಅಷ್ಟು ಬಿಗಿಯಿಲ್ಲ.

ಬೈಕಿನವನಿಂದ ತೊಂದರೆಯಾಗುವ ಭಯವಿದ್ದರೆ ಅದನ್ನೂ ಬರವಣಿಗೆಯಲ್ಲಿ ಕೊಡಿ. ಹೊರದೇಶದ ಕೊಂಡಿ ಇರುವುದರಿಂದ ವಿಷಯವನ್ನು ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊದ ಚೆನ್ನೈ ಕಚೇರಿಗೆ ತಿಳಿಸಿ ಅಂತ ಡಿಎಫ್‌ಒ ಅವರನ್ನು ಕೇಳಿಕೊಳ್ಳಿ. ಸಿಬಿಐ ಮೂಲಕ ಇಂಟರ್‌ಪೋಲಿಗೆ, ಥಾಯ್ಲೆಂಡಿನ ಸೈಟಿಸ್ ಅಧಿಕಾರಿಗಳಿಗೆ ಮಾಹಿತಿ ಹೋಗುವ ದಾರಿ ಅಲ್ಲಿಂದ ಹತ್ತಿರ. ಕೋರ್ಟಿನ ಪತ್ರಕ್ಕೆ ತಿಂಗಳುಗಳು ಬೇಕು, ಆದರೆ 'ಈ ನಂಬರಿನ ಮೇಲೆ ಕಣ್ಣಿಡಿ' ಅನ್ನುವ ಮಾಹಿತಿಗೆ ಅಷ್ಟು ಹೊತ್ತು ಬೇಡ. ಅವನು ಸಿಕ್ಕೇ ಸಿಗುತ್ತಾನೆ ಅಂತ ನಾನು ಭರವಸೆ ಕೊಡಲಾರೆ.

ಆಚೆ ಹೋದ ಆಮೆಗಳು ವಾಪಸು ಬರುತ್ತವಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಂದಿವೆ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಬಂದವು. ಅಲ್ಲಿನ ಏಕರ್ಸ್, ಇಲ್ಲಿನ ವೈಲ್ಡ್‌ಲೈಫ್ ಎಸ್‌ಒಎಸ್ ಅನ್ನುವ ಸಂಸ್ಥೆಗಳು ಮತ್ತು ನಮ್ಮ ಅರಣ್ಯ ಇಲಾಖೆ ಸೇರಿ ತಂದರು. ಹೀಗಾಗುವುದು ಅಪರೂಪ. ಸೈಟಿಸ್ ನಿಯಮದಲ್ಲಿ ವಾಪಸು ಕಳಿಸುವ ಖರ್ಚು ಪ್ರಾಣಿ ಹೊರಟ ದೇಶದ್ದೇ. ಖರ್ಚು ಕೊಡುವವರು, ಆರೋಗ್ಯ ಪರೀಕ್ಷೆ ಮಾಡುವವರು, ಬಂದ ಮೇಲೆ ಪ್ರತ್ಯೇಕ ಇಟ್ಟು ನೋಡಿಕೊಳ್ಳುವವರು ಎಲ್ಲ ಸಿಗಬೇಕು. ಎಲ್ಲಿಯ ಆಮೆ ಅಂತ ಗೊತ್ತಿಲ್ಲದಿದ್ದರೆ ಎಲ್ಲಿ ಬಿಡುವುದು ಅನ್ನುವುದೂ ತೊಡಕು. ಗುಜರಾತಿನ ಕಡೆಯ ಆಮೆಗೂ ದಕ್ಷಿಣದ ಆಮೆಗೂ ವಂಶವಾಹಿಯಲ್ಲಿ ವ್ಯತ್ಯಾಸವಿದೆ. ನಿಮ್ಮ ಹುಡುಗ ಯಾವ ಹೊಲ, ಯಾವ ಗುಡ್ಡದ ಬುಡದಲ್ಲಿ ಹಿಡಿದೆ ಅಂತ ತೋರಿಸಿದರೆ, ಈ ಐದು ಮರಿ ಮತ್ತೆ ಅಲ್ಲಿಗೇ ಹೋಗಬಹುದು.

ಅಲ್ಲಿಯವರೆಗೆ ಕ್ರೇಟನ್ನು ನೆರಳಿನಲ್ಲಿಡಿ. ಒಣಹುಲ್ಲು ಹಾಸಿ, ಚಪ್ಪಟೆ ತಟ್ಟೆಯಲ್ಲಿ ಬೆರಳಿನ ಅರ್ಧ ಗಣ್ಣು ಮುಳುಗುವಷ್ಟೇ ನೀರಿಡಿ. ಅನ್ನ, ಹಾಲು ಹಾಕಬೇಡಿ. ಇರುವೆ ಮುತ್ತದಂತೆ ನೋಡಿಕೊಳ್ಳಿ. ಹುಡುಗನ ಫೋನನ್ನು ನೀವು ಇಸಿದುಕೊಳ್ಳಿ. ಗುಂಪಿನಿಂದ ಹೊರಗೆ ಬರುವುದಾಗಲಿ, ಏನಾದರೂ ಅಳಿಸುವುದಾಗಲಿ, ಬೈಕಿನವನಿಗೆ ಉತ್ತರಿಸುವುದಾಗಲಿ ಬೇಡ. ಮೆಸೇಜ್ ತಾನಾಗಿ ಅಳಿಯುವ ಸೆಟ್ಟಿಂಗ್ ಆನ್ ಇದೆಯಾ ನೋಡಿ. ಇದ್ದರೆ ಬೇರೆ ಫೋನಿನಿಂದ ಈಗಲೇ ಪರದೆಯ ಫೋಟೊ ತೆಗೆದಿಡಿ. ಕಚೇರಿಯಲ್ಲಿ ಮಹಜರ್ ಬರೆಯುವಾಗ ಪೂರ್ತಿ ಓದಿಸಿಕೊಂಡು, ಪ್ರಾಣಿಯ ಹೆಸರು, ಅಳತೆ, ಫೋಟೊ, ಪ್ಲಸ್ 66ರ ಆ ನಂಬರು ಎಲ್ಲ ಬಂದಿದೆ ಅಂತ ಖಾತ್ರಿಯಾದ ಮೇಲೇ ಹುಡುಗ ಸಹಿ ಹಾಕಲಿ. ಒಂದು ಪ್ರತಿ ಕೇಳಿ ತೆಗೆದುಕೊಳ್ಳಿ.